ಬಾಣಂತಿ ತಿಮಿಂಗಿಲ ಮೇ ತಿಂಗಳಲ್ಲಿ ಬರುತ್ತಂತೆ

ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಮಾರ್ಚ್ ಕೊನೆಯ ವಾರ ಶಾಲೆಗಳಿಗೆ ರಜೆ. ಆ ವಾರ ಇಲ್ಲಿನ ಜನ ಮಾಡುವ ಕೆಲಸಗಳಲ್ಲಿ ಒಂದು ನಮ್ಮವರಿಗೆ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಎರಡು ಮೂರು ಗಂಟೆ ಕಾರು ಓಡಿಸಿ ಪೆಸಿಫಿಕ್ ಸಾಗರದ ಅಂಚಿಗೆ ಹೋಗುವುದು, ಜಾಕೆಟ್ಟಿನ ಜಿಪ್ ಗದ್ದದವರೆಗೆ ಎಳೆದುಕೊಳ್ಳುವುದು, ಆಮೇಲೆ ಸುಮ್ಮನೆ ನೀರನ್ನು ನೋಡುತ್ತ ನಿಲ್ಲುವುದು. ಸಮುದ್ರಸ್ನಾನ, ಅಲೆಯಲ್ಲಿ ಆಟ ಇದ್ಯಾವುದೂ ಇಲ್ಲ. ಇಲ್ಲಿನ ನೀರು ಬೇಸಿಗೆಯಲ್ಲೇ ಕಾಲು ಕೊರೆಯುತ್ತದೆ, ಮಾರ್ಚಿನಲ್ಲಂತೂ ಕೇಳುವುದೇ ಬೇಡ. ಅವರು ಕಾಯುವುದು ತಿಮಿಂಗಿಲಗಳಿಗಾಗಿ. ಮೆಕ್ಸಿಕೋದ ಬೆಚ್ಚನೆಯ ಹಿನ್ನೀರಿನಲ್ಲಿ ಚಳಿಗಾಲ ಕಳೆದ ಬೂದು ತಿಮಿಂಗಿಲಗಳು ಈ ಹೊತ್ತಿಗೆ ಉತ್ತರಕ್ಕೆ, ಅಲಾಸ್ಕಾದ ಆಚೆಯ ತಣ್ಣನೆಯ ಸಮುದ್ರಗಳಿಗೆ ಹೊರಟಿರುತ್ತವೆ. ಒಂದು ಕಡೆಯ ಪ್ರಯಾಣವೇ ಸುಮಾರು 8000 ಕಿಲೋಮೀಟರ್. ಅವುಗಳ ದಾರಿ ಒರೆಗಾನ್ ದಡದ ಪಕ್ಕದಲ್ಲೇ ಹಾದುಹೋಗುತ್ತದೆ.

ಪೋರ್ಟ್‌ಲ್ಯಾಂಡ್ ಹತ್ತಿರದ ಊರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿಕೊಂಡು ನನಗೆ ಐದು ವರ್ಷ ಆಯ್ತು. ಅಷ್ಟು ವರ್ಷದಲ್ಲಿ ತಿಮಿಂಗಿಲ ನೋಡಲು ಹೋಗುವ ಯೋಚನೆ ಒಮ್ಮೆಯೂ ಬಂದಿರಲಿಲ್ಲ. ನಮ್ಮನ್ನು ಹೊರಡಿಸಿದ್ದು ಅಮ್ಮ.

ಅಮ್ಮ ಸಾಗರದಿಂದ ಬಂದದ್ದು ಸೆಪ್ಟೆಂಬರ್ ಕೊನೆಗೆ, ನನ್ನ ಬಾಣಂತನಕ್ಕೆ. ಹೊರದೇಶದಲ್ಲಿ ಮಗಳಿರುವ ಅಮ್ಮಂದಿರಿಗೆಲ್ಲ ಈ ಕತೆ ಗೊತ್ತು. ಎರಡು ಸೂಟ್‌ಕೇಸಿನಲ್ಲಿ ಒಂದೂವರೆ ಸೂಟ್‌ಕೇಸು ಬಾಣಂತಿಗೆ ಮತ್ತು ಮಗುವಿಗೆ, ಉಳಿದ ಜಾಗದಲ್ಲಿ ಅವರ ನಾಲ್ಕು ಸೀರೆ, ಎರಡು ಸ್ವೆಟರ್. ವಿಮಾನ ನಿಲ್ದಾಣದಲ್ಲಿ ಆರು ತಿಂಗಳಿಗೆ ಮುದ್ರೆ ಒತ್ತಿಸಿಕೊಂಡು ಬಂದರು. ಅಕ್ಟೋಬರಿನಲ್ಲಿ ಮಗಳು ಹುಟ್ಟಿದಳು. ಈ ರಾಜ್ಯದಲ್ಲಿ 12 ವಾರ ಸಂಬಳಸಹಿತ ರಜೆ ಸಿಗುತ್ತದೆ, ಅದು ಮುಗಿದ ಮೇಲೆ ನಾನು ಜನವರಿಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತೆ. ಪಕ್ಕದ ಕೋಣೆಯಲ್ಲಿ ಅಮ್ಮ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಏನೋ ಗುನುಗುತ್ತಿರುವುದು ಮೀಟಿಂಗಿನಲ್ಲಿದ್ದವರಿಗೂ ಎಷ್ಟೋ ಸಲ ಕೇಳಿಸಿದೆ. ಏಪ್ರಿಲ್ ಮೊದಲ ವಾರ ಅಮ್ಮನ ಟಿಕೆಟ್. ಅದೇ ವಾರದಿಂದ ಮಗು ಡೇಕೇರ್‌ಗೆ. ಅಡ್ವಾನ್ಸ್ ಕಟ್ಟಿಯಾಗಿತ್ತು. ಮನೆಯಲ್ಲಿ ಮೂವರೂ ಆ ವಾರದ ಬಗ್ಗೆ ಬಿಟ್ಟು ಬೇರೆಲ್ಲದರ ಬಗ್ಗೆ ಮಾತಾಡುತ್ತಿದ್ದೆವು.

ಆರು ತಿಂಗಳಲ್ಲಿ ಅಮ್ಮ ನಯಾಗರ ಅನ್ನಲಿಲ್ಲ, ಲಾಸ್ ವೇಗಸ್ ಅನ್ನಲಿಲ್ಲ. ಒಂದು ರಾತ್ರಿ ಟೀವಿಯಲ್ಲಿ ತಿಮಿಂಗಿಲದ ಸುದ್ದಿ ಬಂದಾಗ ಮಾತ್ರ ಕೇಳಿದರು: "ದಡದಲ್ಲಿ ನಿಂತ್ರೆ ಕಾಣತ್ತಂತಾ? ದೋಣಿ ಹತ್ತೋದು ಬೇಡ್ವಾ?"

"ಬೇಡ್ವಂತೆ ಅತ್ತೆ. ಶನಿವಾರ ಹೋಗೋಣ" ಅಂದರು ನನ್ನವರು.

ಮಗುವೂ ಬರುತ್ತದೆ ಅನ್ನುವುದು ಹೊಳೆದ ಕೂಡಲೇ ಅಮ್ಮ ತಿರುಗಿಬಿದ್ದರು. ಐದು ತಿಂಗಳ ಕೂಸನ್ನು ಆ ಗಾಳಿಗೆ ಒಯ್ಯುವುದಾ? ಎರಡು ದಿನ ಚರ್ಚೆ ನಡೆದು, ಎರಡು ಟೋಪಿ, ಒಂದು ಕಂಬಳಿ, ಕಿವಿಗೆ ಹತ್ತಿ ಅನ್ನುವ ಷರತ್ತಿನ ಮೇಲೆ ಒಪ್ಪಂದವಾಯಿತು.

ಬೆಳಿಗ್ಗೆ ಏಳಕ್ಕೆ ಬಿಟ್ಟೆವು. ಡಬ್ಬಿಯಲ್ಲಿ ಚಿತ್ರಾನ್ನ, ಮೊಸರನ್ನ, ಫ್ಲಾಸ್ಕಿನಲ್ಲಿ ಕಷಾಯ. ಲಿಂಕನ್ ಸಿಟಿಗೆ ಹೋಗುವ ರಸ್ತೆ ಸಮುದ್ರ ಸಿಗುವ ಮೊದಲು ಒಂದು ಕಾಡನ್ನು ದಾಟುತ್ತದೆ. ಎರಡೂ ಬದಿ ಆಕಾಶ ಮುಟ್ಟುವ ಫರ್ ಮರಗಳು, ಮೈತುಂಬ ಪಾಚಿ, ಜಿಟಿಜಿಟಿ ಮಳೆ. ಅಮ್ಮ ಕಿಟಕಿಗೆ ಮುಖ ಒತ್ತಿ "ಥೇಟ್ ನಮ್ಮ ಕಡೆ ಜುಲೈ ತಿಂಗಳಿದ್ದ ಹಾಗಿದೆ. ಉಂಬಳ ಇಲ್ವಾ?" ಅಂದರು. ರಸ್ತೆಯಲ್ಲಿ ನಡೆದವರ ಕಾಲಿಗೆ ಉಂಬಳ ಹತ್ತಿದ್ದನ್ನು ನಾನಂತೂ ನೋಡಿಲ್ಲ. ಉಂಬಳವಿಲ್ಲದ ಮಳೆಕಾಡು ಅಮ್ಮನಿಗೆ ಅಷ್ಟೊಂದು ನಂಬಿಕೆಯ ವಿಷಯವಾಗಿ ಕಾಣಲಿಲ್ಲ.

ನಾವು ಹೋದದ್ದು ಡಿಪೋ ಬೇ ಅನ್ನುವ ಪುಟ್ಟ ಊರಿಗೆ. 101ನೇ ನಂಬರಿನ ಹೆದ್ದಾರಿ ಊರಿನ ನಡುವೆಯೇ ಹೋಗುತ್ತದೆ. ಹೆದ್ದಾರಿಯ ಒಂದು ಬದಿ ಅಂಗಡಿಗಳ ಸಾಲು, ಇನ್ನೊಂದು ಬದಿ ಮೋಟುಗೋಡೆ, ಗೋಡೆಯ ಕೆಳಗೆ ನೇರ ಸಮುದ್ರ. ಮುರುಡೇಶ್ವರ, ಗೋಕರ್ಣದ ಹಾಗೆ ಮರಳಿನ ಮೇಲೆ ನಡೆದು ಹೋಗಿ ನೀರು ಮುಟ್ಟುವ ಜಾಗ ಇದಲ್ಲ. ಕಪ್ಪು ಬಂಡೆಗಳು ಹಲ್ಲು ಕಿರಿದುಕೊಂಡು ನಿಂತಿವೆ. ಅಲೆ ಬಂದು ಬಂಡೆಯ ಸಂದಿಗೆ ನುಗ್ಗಿದಾಗ ನೀರು ಕಾರಂಜಿಯಂತೆ ಮೇಲಕ್ಕೆ ಚಿಮ್ಮುತ್ತದೆ, ಕೆಲವೊಮ್ಮೆ ಫುಟ್‌ಪಾತಿನಲ್ಲಿ ನಿಂತವರ ಮೇಲೂ ಬೀಳುತ್ತದೆ. ಊರಿನ ಬಂದರು ಎಷ್ಟು ಚಿಕ್ಕದೆಂದರೆ ಪ್ರಪಂಚದಲ್ಲೇ ಅತಿ ಪುಟ್ಟ ಬಂದರು ನಮ್ಮದು ಅಂತ ಅವರೇ ಹೇಳಿಕೊಳ್ಳುತ್ತಾರೆ. ಸುಮಾರು ಆರು ಎಕರೆಯಂತೆ. "ನಮ್ಮ ತೋಟಕ್ಕಿಂತ ಸ್ವಲ್ಪ ದೊಡ್ಡದು" ಅಂದರು ಅಮ್ಮ.

ಗೋಡೆಗೆ ಅಂಟಿಕೊಂಡೇ ಸರಕಾರದ ತಿಮಿಂಗಿಲ ವೀಕ್ಷಣಾ ಕೇಂದ್ರವಿದೆ. ರಜೆಯ ವಾರದಲ್ಲಿ ಅಲ್ಲೂ, ಕರಾವಳಿಯ ಬೇರೆ ಗುಡ್ಡಗಳ ಮೇಲೂ ಸ್ವಯಂಸೇವಕರು ನಿಂತು ಬಂದವರಿಗೆ ತೋರಿಸುತ್ತಾರೆ. 1978ರಿಂದ ನಡೆದು ಬಂದ ಪದ್ಧತಿಯಂತೆ. ಹೆಚ್ಚಿನವರು ನಿವೃತ್ತರು. ನಮಗೆ ಸಿಕ್ಕಿದ್ದು ಬಿಳಿ ಕೂದಲಿನ ಒಬ್ಬ ಅಜ್ಜಿ, ಕುತ್ತಿಗೆಯಲ್ಲಿ ದೊಡ್ಡ ಬೈನಾಕ್ಯುಲರ್. ಎಲ್ಲರೂ ಬಂದ ತಕ್ಷಣ ಬೈನಾಕ್ಯುಲರ್ ಕಣ್ಣಿಗೆ ಹಿಡಿಯುತ್ತಾರೆ, ಹಾಗೆ ಮಾಡಬೇಡಿ ಅಂದಳು. ಮೊದಲು ಬರಿಗಣ್ಣಿನಲ್ಲಿ ಇಡೀ ಸಮುದ್ರವನ್ನು ನಿಧಾನವಾಗಿ ನೋಡುತ್ತಿರಬೇಕು. ಹುಡುಕಬೇಕಾದದ್ದು ತಿಮಿಂಗಿಲವನ್ನಲ್ಲ, ಅದರ ಉಸಿರನ್ನು. ಮೇಲೆ ಬಂದಾಗ ಬಿಡುವ ಉಸಿರು ಹತ್ತು ಹನ್ನೆರಡು ಅಡಿ ಎತ್ತರ ಹಬೆಯಂತೆ ಏಳುತ್ತದೆ. ಅರ್ಧ ಮುಕ್ಕಾಲು ನಿಮಿಷಕ್ಕೊಮ್ಮೆ ಮೂರ್ನಾಲ್ಕು ಸಲ ಉಸಿರಾಡಿ, ಆಮೇಲೆ ಮೂರರಿಂದ ಐದು ನಿಮಿಷ ಮುಳುಗುತ್ತದೆ. ಗಂಟೆಗೆ ಏಳೆಂಟು ಕಿಲೋಮೀಟರ್ ವೇಗ, ಅಂದರೆ ಬಿರುಸಿನ ನಡಿಗೆಗಿಂತ ಸ್ವಲ್ಪ ಜಾಸ್ತಿ. ಹಾಗಾಗಿ ಮುಳುಗಿದ ಕಡೆಯೇ ನೋಡುತ್ತ ಕೂರಬಾರದು, ಬಲಕ್ಕೆ, ಉತ್ತರಕ್ಕೆ ಕಣ್ಣು ಸರಿಸುತ್ತ ಹೋಗಬೇಕು. ದಿನವಿಡೀ ಲಾಗ್ ಫೈಲ್ ನೋಡುವ ನನಗೆ ಈ ವಿಧಾನ ಬಹಳ ಹಿಡಿಸಿತು.

ಮುಕ್ಕಾಲು ಗಂಟೆ ಏನೂ ಕಾಣಲಿಲ್ಲ. ಬೂದು ಆಕಾಶ, ಬೂದು ನೀರು. ನನ್ನವರು ಕೂಸನ್ನು ಎದೆಗೆ ಕಟ್ಟಿಕೊಂಡು ಒಳಗೆ ಹೊರಗೆ ಓಡಾಡಿ ಮಲಗಿಸಿದರು. ನಾನೂ ಅಮ್ಮನೂ ಗೋಡೆಗೆ ಆತು ನಿಂತಿದ್ದೆವು. ಅಮ್ಮನಿಗೆ ಒಂದು ಅನುಮಾನವಿತ್ತು, ಕೇಳು ಅಂದರು. ನಾನು ಅಜ್ಜಿಗೆ ದಾಟಿಸಿದೆ: ಮರಿ ಹಾಕಿದ ತಾಯಿ ತಿಮಿಂಗಿಲಗಳು ಇವತ್ತು ಕಾಣಬಹುದಾ?

ಇಲ್ಲ, ಅಂದಳು ಅಜ್ಜಿ. ಈಗ ಹೋಗುತ್ತಿರುವುದು ಗಂಡುಗಳು, ಮರಿಯಿಲ್ಲದ ಹೆಣ್ಣುಗಳು, ಬಸಿರಾದವು. ಬಾಣಂತಿಯರು ಎಲ್ಲರಿಗಿಂತ ಕೊನೆಗೆ ಹೊರಡುತ್ತಾರೆ. ಮರಿ ದಾರಿಗೆ ತಡೆದುಕೊಳ್ಳುವಷ್ಟು ಕೊಬ್ಬು ಕೂಡಿಸಿಕೊಳ್ಳುವವರೆಗೆ ಆ ಹಿನ್ನೀರಿನಲ್ಲೇ ಇರುತ್ತಾರೆ. ಇಲ್ಲಿಗೆ ಬರುವ ಹೊತ್ತಿಗೆ ಏಪ್ರಿಲ್ ಕೊನೆ, ಮೇ ತಿಂಗಳು. ಬಂದಾಗ ಮಾತ್ರ ದಡಕ್ಕೆ ತೀರಾ ಹತ್ತಿರ ಬರುತ್ತಾರೆ, ಏಕೆಂದರೆ ಆಳದಲ್ಲಿ ಓರ್ಕಾಗಳ ಗುಂಪು ಮರಿಗಾಗಿ ಹೊಂಚು ಹಾಕುತ್ತಿರುತ್ತದೆ.

"ಮೇ ತಿಂಗಳಾ" ಅಂದರು ಅಮ್ಮ. ಅಷ್ಟೇ.

ಅಜ್ಜಿ ಇನ್ನೂ ಹೇಳುತ್ತಿದ್ದಳು. ಹುಟ್ಟಿದ ಮರಿ ಹದಿನೈದು ಅಡಿ ಉದ್ದ, ಒಂದು ಟನ್ನಿಗೆ ಹತ್ತಿರದ ತೂಕ. ತಾಯಿಯ ಹಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಕೊಬ್ಬು. ಆದರೆ ಆ ತಾಯಿ ಮಾತ್ರ ಆರ್ಕ್ಟಿಕ್‌ನಿಂದ ಹೊರಟಂದಿನಿಂದ ವಾಪಸು ಹೋಗುವವರೆಗೆ, ಬಸಿರು, ಹೆರಿಗೆ, ಹಾಲೂಡಿಸುವುದು, ಪ್ರಯಾಣ ಎಲ್ಲವನ್ನೂ ಬಹುಮಟ್ಟಿಗೆ ಉಪವಾಸದಲ್ಲೇ ಮಾಡುತ್ತದೆ. ಬೇಸಿಗೆಯಲ್ಲಿ ಕೂಡಿಟ್ಟ ಕೊಬ್ಬೇ ಆಧಾರ.

ಇದನ್ನು ಕನ್ನಡಕ್ಕೆ ಮಾಡಿ ಹೇಳಿದಾಗ ಅಮ್ಮನ ಮುಖ ನೋಡಬೇಕಿತ್ತು. ನನಗೆ ಮೂರು ತಿಂಗಳು ಅಂಟಿನುಂಡೆ, ಕಾಳುಮೆಣಸಿನ ಸಾರು, ತುಪ್ಪ, ಬೆಳ್ಳುಳ್ಳಿ ಅಂತ ಹೊತ್ತುಹೊತ್ತಿಗೆ ತಿನ್ನಿಸಿದವರು. ತಣ್ಣೀರು ಮುಟ್ಟಿದ್ದಕ್ಕೆ ಬೈದವರು. "ಬಾಣಂತಿ ಉಪವಾಸ ಇರೋದಾ! ಅದೂ ಐಸ್ ನೀರಲ್ಲಿ! ಮಾಡೋರು ಯಾರೂ ಇಲ್ವಾ ಅದಕ್ಕೆ?" ಅಂದರು.

ಯಾರೂ ಇಲ್ಲ. ಗಂಡೂ ಜೊತೆಗಿರುವುದಿಲ್ಲ, ಮುಂದೆ ಹೋಗಿರುತ್ತದೆ. ಇದನ್ನು ಕೇಳಿ ನನ್ನವರು ಕೂಸಿನ ಟೋಪಿ ಸರಿಮಾಡುವುದರಲ್ಲಿ ಮಗ್ನರಾದರು.

ಅಮ್ಮನಿಗೆ ಖುಷಿಯಾದ ಸಂಗತಿಯೂ ಒಂದಿತ್ತು. 1850ರ ದಶಕದಲ್ಲಿ ಬೇಟೆಗಾರರ ಹಡಗುಗಳು ಮೆಕ್ಸಿಕೋದ ಆ ಹಿನ್ನೀರುಗಳನ್ನು ಪತ್ತೆಹಚ್ಚಿ ನುಗ್ಗಿದಾಗ, ಮರಿಯ ತಂಟೆಗೆ ಬಂದ ದೋಣಿಗಳನ್ನು ತಾಯಂದಿರು ಒಡೆದು ಹಾಕುತ್ತಿದ್ದವಂತೆ. ಬೇಟೆಗಾರರು ಇವಕ್ಕೆ ಇಟ್ಟ ಹೆಸರು ಸೈತಾನ ಮೀನು. "ಮತ್ತೆ? ಕೂಸಿನ ತಂಟೆಗೆ ಬಂದ್ರೆ ಆರತಿ ಎತ್ತಬೇಕಿತ್ತಾ?" ಅಂದರು ಅಮ್ಮ. ಅದೇ ಹಿನ್ನೀರೊಂದರಲ್ಲಿ, ಸ್ಯಾನ್ ಇಗ್ನಾಸಿಯೊ ಅಂತ ಅದರ ಹೆಸರು, 1972ರಲ್ಲಿ ಮೀನುಗಾರನೊಬ್ಬನ ದೋಣಿಯ ಪಕ್ಕ ಒಂದು ತಿಮಿಂಗಿಲ ಬಂದು ನಿಂತಿತು. ಆತ ಹೆದರುತ್ತಲೇ ಕೈಚಾಚಿ ಮುಟ್ಟಿದ. ಈಗ ಅಲ್ಲಿ ತಾಯಂದಿರು ಮರಿಗಳನ್ನು ಕರೆದುಕೊಂಡು ದೋಣಿಯ ಹತ್ತಿರ ಬಂದು ಮೈ ಮುಟ್ಟಿಸಿಕೊಂಡು ಹೋಗುತ್ತವೆ. ಯಾಕೆ ಬರುತ್ತವೆ ಅಂತ ಕೇಳಿದರೆ ನೂರು ಉತ್ತರ. ನನಗೆ ಯಾವುದೂ ಪೂರ್ತಿ ಒಪ್ಪಿಗೆಯಾಗಿಲ್ಲ.

ಅಜ್ಜಿ ಬೇರೆಯವರ ಕಡೆ ಹೋದ ಮೇಲೆ ನಾನು, ತುಂಬಾ ದಿನದಿಂದ ಬಾಯಿಗೆ ಬಂದು ವಾಪಸು ಹೋಗುತ್ತಿದ್ದ ಮಾತನ್ನು ಕೇಳಿದೆ.

"ಅಮ್ಮಾ, ಒಂದು ಫಾರಂ ತುಂಬಿದ್ರೆ ಇನ್ನೂ ಸ್ವಲ್ಪ ತಿಂಗಳು ಇರಬಹುದು. ಇರ್ತೀಯಾ?"

ಅಮ್ಮ ಸಮುದ್ರದಿಂದ ಕಣ್ಣು ತೆಗೆಯಲಿಲ್ಲ. "ನಿಮ್ಮಪ್ಪ ಆರು ತಿಂಗಳಿಂದ ಬೆಳಿಗ್ಗೆ ಅವಲಕ್ಕಿ, ರಾತ್ರಿ ಅವಲಕ್ಕಿ. ಮಾತ್ರೆ ತಗೊಂಡ್ರಾ ಅಂದ್ರೆ ಹೂಂ ಅಂತಾರೆ. ಅದು ಯಾವ ಹೂಂ ಅಂತ ಮೂವತ್ತೈದು ವರ್ಷದಿಂದ ಕೇಳ್ತಿರೋ ನನಗೆ ಗೊತ್ತಾಗಲ್ವಾ?"

"ಅಪ್ಪನ್ನೂ ಕರೆಸ್ಕೊಳೋಣ."

"ತೋಟಕ್ಕೆ ನೀರು ಬಿಡೋದು ಯಾರು, ನಿನ್ನ ಆಫೀಸಿನವರಾ?" ಅಂದು ನಕ್ಕರು. ಸ್ವಲ್ಪ ಹೊತ್ತು ಬಿಟ್ಟು ತಾವೇ ಶುರು ಮಾಡಿದರು. "ನನ್ನ ಬಾಣಂತನ ಅಮ್ಮನೇ ಮಾಡಿದ್ದು. ಮೂರು ತಿಂಗಳಾದ ಮೇಲೆ ನಿನ್ನ ಎತ್ಕೊಂಡು ಬಸ್ ಹತ್ತಿದೆ. ಬಸ್ ಬಿಡೋವಾಗ ಅಮ್ಮ ಅಳ್ತಿದ್ರಂತೆ. ನಾನು ನೋಡ್ಲೇ ಇಲ್ಲ ಮಾರಾಯ್ತಿ. ನಿನ್ನ ಟೋಪಿ ಗಾಳಿಗೆ ಹಾರೋಗತ್ತೇನೋ ಅಂತ ಅದನ್ನೇ ಹಿಡ್ಕೊಂಡಿದ್ದೆ. ಆಮೇಲೆ ಯಾರೋ ಹೇಳಿದ್ದು."

ನಾನು ಏನೂ ಹೇಳಲಿಲ್ಲ. ಮುಖಕ್ಕೆ ಮುಖ ಕೊಟ್ಟು ಕೂತಿದ್ದರೆ ಅಮ್ಮ ಇದನ್ನು ಹೇಳುತ್ತಿರಲೂ ಇಲ್ಲ ಅನ್ನಿಸುತ್ತದೆ. ಇಬ್ಬರೂ ನೀರನ್ನೇ ನೋಡುತ್ತಿದ್ದೆವಲ್ಲ, ಅದೇ ಅನುಕೂಲವಾಯಿತು. ಈ ಬಾಣಂತಿ, ಬಸ್ಸು, ತಿಮಿಂಗಿಲ ಎಲ್ಲವನ್ನೂ ಒಟ್ಟು ಸೇರಿಸಿ ನೀವು ಏನು ಯೋಚಿಸುತ್ತಿದ್ದೀರೆಂದು ನನಗೆ ಗೊತ್ತು. ನಾನೂ ಆ ಕ್ಷಣದಲ್ಲಿ ಯೋಚಿಸಿದೆ. ಅಷ್ಟರಲ್ಲಿ ಅಮ್ಮ ನನ್ನ ತೋಳು ಹಿಡಿದರು.

"ಅಲ್ನೋಡೇ! ಯಾರೋ ಬಚ್ಚಲೊಲೆಗೆ ಬೆಂಕಿ ಹಾಕಿದಾರೆ!"

ನೀರಿನ ಮೇಲೆ ಬಿಳಿ ಹೊಗೆಯ ಒಂದು ಸಣ್ಣ ಗುಪ್ಪೆ. ಗಾಳಿಗೆ ಬಾಗಿ ಕರಗಿಹೋಯಿತು. ನಾನು ಅರ್ಧ ನಿಮಿಷ ಎಣಿಸಿದೆ. ಮತ್ತೆ ಬಂತು, ಸ್ವಲ್ಪ ಬಲಕ್ಕೆ. ಮೂರನೆಯ ಸಲ ಹಬೆಯ ಕೆಳಗೆ ಬೂದು ಬೆನ್ನು ನಿಧಾನವಾಗಿ ಉರುಳಿತು. ಈ ಜಾತಿಗೆ ಬೆನ್ನಿನ ಮೇಲೆ ದೊಡ್ಡ ರೆಕ್ಕೆಯಿಲ್ಲ, ಬಾಲದ ಕಡೆಗೆ ಗಂಟುಗಂಟಾಗಿರುತ್ತದೆ. ಮೈಮೇಲೆಲ್ಲ ಅಂಟಿಕೊಂಡ ಚಿಪ್ಪುಜೀವಿಗಳಿಂದ ಬಿಳಿ ಕಲೆ, ಹಳೇ ಗೋಡೆಯ ಸುಣ್ಣ ಎದ್ದ ಹಾಗೆ. ನಾಲ್ಕನೆಯದಕ್ಕೆ ಬಾಲ ಮೇಲೆ ಬಂತು, ಒಂದು ಕ್ಷಣ ನಿಂತಂತೆ ಕಂಡು, ಸದ್ದಿಲ್ಲದೆ ಒಳಗೆ ಹೋಯಿತು. ಗೋಡೆಯುದ್ದಕ್ಕೂ ನಿಂತ ಜನ ಒಟ್ಟಿಗೆ "ಓ" ಅಂದರು. ಅಜ್ಜಿ ಕೈಯಲ್ಲಿದ್ದ ಹಾಳೆಯಲ್ಲಿ ಗೀಟು ಹಾಕಿದಳು. ಮೊದಲು ಕಂಡವರು ಯಾರು ಅಂತ ಕೇಳಿ ಅಮ್ಮನ ಕೈ ಕುಲುಕಿದಳು. ಅಮ್ಮ ಮನೆಗೆ ವಾಪಸಾಗುವವರೆಗೂ ಈ ವಿಷಯವನ್ನು ಅಳಿಯನಿಗೆ ನೆನಪಿಸುತ್ತಲೇ ಇದ್ದರು.

ತಿಮಿ ಅನ್ನುವ ದೊಡ್ಡ ಮೀನನ್ನು ನುಂಗುವುದು ತಿಮಿಂಗಿಲ, ಅದನ್ನೂ ನುಂಗುವುದು ತಿಮಿಂಗಿಲಗಿಲ ಅಂತ ಶಾಲೆಯಲ್ಲಿ ನಮ್ಮ ಮೇಷ್ಟರು ಹೇಳಿದ್ದು ನೆನಪಿತ್ತು. ಈ ಬೂದು ತಿಮಿಂಗಿಲ ಮಾತ್ರ ಹೆಸರಿಗೆ ತಕ್ಕ ಹಾಗಿಲ್ಲ. ನಲವತ್ತು ಅಡಿಗೂ ಹೆಚ್ಚು ಉದ್ದ ಬೆಳೆದು ತಿನ್ನುವುದು ಸೀಗಡಿಯ ದೂರದ ನೆಂಟರಂಥ ಚಿಕ್ಕ ಜೀವಿಗಳನ್ನು. ಸಮುದ್ರದ ತಳಕ್ಕೆ ಹೋಗಿ ಮಗ್ಗುಲಾಗಿ ಕೆಸರನ್ನು ಹೀರಿ, ಬಾಯಿಯ ಜರಡಿಯಲ್ಲಿ ಸೋಸಿ, ಉಳಿದದ್ದನ್ನು ಹೊರಗೆ ಬಿಡುತ್ತದೆ. ಕಷ್ಟ ಬಂದಿರುವುದೂ ಅಲ್ಲೇ. ಆರ್ಕ್ಟಿಕ್‌ನಲ್ಲಿ ಮಂಜುಗಡ್ಡೆ ಕಡಿಮೆಯಾಗಿ ಕೆಸರಿನ ಆ ಊಟ ಕಡಿಮೆಯಾಗುತ್ತಿದೆ. ಬೇಟೆಯಿಂದ ನಾಶದ ಅಂಚಿಗೆ ಹೋಗಿ, ಚೇತರಿಸಿಕೊಂಡು, 1994ರಲ್ಲಿ ಅಮೆರಿಕದ ಅಪಾಯದ ಪಟ್ಟಿಯಿಂದಲೇ ಹೊರಬಂದ ಜೀವಿ ಇದು. 2016ರಲ್ಲಿ ಸುಮಾರು 27,000 ಇದ್ದವು. 2025ರ ಅಂದಾಜು ಸುಮಾರು 13,000. ಆ ವರ್ಷ ಕ್ಯಾಲಿಫೋರ್ನಿಯಾ ದಡದಲ್ಲಿ ತಾಯಿಯ ಜೊತೆ ಉತ್ತರಕ್ಕೆ ಹೋದ ಮರಿಗಳ ಅಂದಾಜು 85 ಮಾತ್ರ. ಊಟವಿಲ್ಲದ ಬೇಸಿಗೆ ಕಳೆದ ಹೆಣ್ಣಿಗೆ ಉಪವಾಸದ ಬಾಣಂತನ ಎಲ್ಲಿಂದ ಸಾಧ್ಯ? ಈ ಅಂಕಿಗಳನ್ನು ನಾನು ಅಮ್ಮನಿಗೆ ಆವತ್ತು ಹೇಳಲಿಲ್ಲ.

ಮಧ್ಯಾಹ್ನ ದಕ್ಷಿಣಕ್ಕೆ ಹೊರಟೆವು. ದಾರಿಯಲ್ಲಿ ಕೇಪ್ ಫೌಲ್‌ವೆದರ್, ಅಂದರೆ ಕೆಟ್ಟ ಹವೆಯ ಭೂಶಿರ. 1778ರ ಮಾರ್ಚ್ 7ರಂದು ಕ್ಯಾಪ್ಟನ್ ಕುಕ್ ಇಲ್ಲಿ ಬಿರುಗಾಳಿಗೆ ಸಿಕ್ಕಿ ಇಟ್ಟ ಹೆಸರು. ಐನೂರು ಅಡಿ ಮೇಲಿನಿಂದ ನೋಡಿದರೆ ಅಲೆಗಳು ಹಪ್ಪಳದ ಸುಕ್ಕಿನ ಹಾಗೆ ಕಾಣುತ್ತವೆ. ಕಾರಿನ ಬಾಗಿಲು ತೆರೆಯಲು ಎರಡು ಕೈ ಬೇಕಾಯಿತು. ಅಮ್ಮ ಕೂಸನ್ನು ಇಳಿಸಲು ಬಿಡಲಿಲ್ಲ, ತಾವೂ ಇಳಿಯಲಿಲ್ಲ. ಕುಕ್ ಸಾಹೇಬರಿಗೆ ಬುದ್ಧಿ ಇತ್ತು ಅಂದರು.

ಯಕೀನಾ ಹೆಡ್‌ನಲ್ಲಿ ಮೋಡ ಸ್ವಲ್ಪ ಸರಿಯಿತು. 1873ರಿಂದ ಬೆಳಗುತ್ತಿರುವ ಬಿಳಿ ದೀಪಸ್ತಂಭ, 93 ಅಡಿ. ಅದರ ಕೆಳಗೆ ಮರಳಿಲ್ಲದ ದಂಡೆ, ಬರೀ ಕರೀ ಗುಂಡುಕಲ್ಲುಗಳು. ಅಲೆ ಹಿಂದೆ ಸರಿಯುವಾಗ ಕಲ್ಲುಗಳು ಒಂದರ ಮೇಲೊಂದು ಉರುಳಿ, ದೊಡ್ಡ ಸಭೆ ಚಪ್ಪಾಳೆ ತಟ್ಟಿದ ಹಾಗೆ ಸದ್ದು. ಇದನ್ನು ಕೇಳಿ ಎದ್ದ ಕೂಸು ಮೊದಲು ಹೆದರಿ, ಆಮೇಲೆ ಪ್ರತಿ ಚಪ್ಪಾಳೆಗೂ ಕಾಲು ಒದೆಯತೊಡಗಿತು. ಅಲ್ಲೇ ಅಮ್ಮ ಮಡಿಲಲ್ಲಿ ಡಬ್ಬಿ ಇಟ್ಟುಕೊಂಡು ಎಲ್ಲರಿಗೂ ಮೊಸರನ್ನ ಹಂಚಿದರು. ಹತ್ತಿರದ ಬಂಡೆಯ ಮೇಲೆ ನಾಲ್ಕೈದು ಸೀಲ್‌ಗಳು ಬಾಳೆಹಣ್ಣಿನ ಹಾಗೆ ಎರಡೂ ತುದಿ ಮೇಲೆತ್ತಿ ಮಲಗಿದ್ದವು.

ವಾಪಸು ಬರುವಾಗ ರಸ್ತೆಬದಿಯ ನೀಲಿ ಫಲಕ ನೋಡಿ ಏನದು ಅಂದರು. ಸುನಾಮಿ ಬಂದರೆ ಓಡಬೇಕಾದ ದಾರಿ. 1700ರ ಜನವರಿ 26ರಂದು ಈ ಕರಾವಳಿಯಲ್ಲಿ ಆದ ಭೂಕಂಪದ ಅಲೆ ಜಪಾನಿನವರೆಗೂ ಹೋಗಿತ್ತು. ಅಮ್ಮ ತುಂಬ ಹೊತ್ತು ಸುಮ್ಮನಿದ್ದು, "ನಿಮ್ಮನೆ ಇಲ್ಲಿಂದ ಎಷ್ಟು ದೂರ?" ಅಂತ ಕೇಳಿದರು. ನಿಮ್ಮನೆ ಅಂದದ್ದು ನನಗೆ ಕಿವಿಗೆ ಬಿತ್ತು. ಬೆಳಿಗ್ಗೆವರೆಗೂ ಅದು ಮನೆ ಅಷ್ಟೇ ಆಗಿತ್ತು. ನೂರು ಮೈಲಿಗಿಂತ ಹೆಚ್ಚು, ನಡುವೆ ಬೆಟ್ಟ ಇದೆ ಅಂದೆ.

ಅಮ್ಮ ಹೊರಟರು. ಮಗು ಡೇಕೇರ್‌ಗೆ ಹೋಗತೊಡಗಿತು. ಮೊದಲ ಎರಡು ವಾರ ಅದಕ್ಕೂ ಶೀತ, ನಮಗೂ ಶೀತ. ಫ್ರೀಜರಿನಲ್ಲಿ ಅಮ್ಮ ಮಾಡಿಟ್ಟು ಹೋದ ಸಾರಿನಪುಡಿ, ಪ್ರತಿ ಡಬ್ಬಿಯ ಮೇಲೆ ಕನ್ನಡದಲ್ಲಿ ಬರೆದ ಚೀಟಿ. ಅಪ್ಪನ ಸಕ್ಕರೆ ಅಂಶ ಅವಲಕ್ಕಿಯಿಂದ ಏರಿದ್ದು ನಿಜವಾಗಿತ್ತು. ಪ್ರತಿ ರಾತ್ರಿಯ ವಾಟ್ಸಾಪ್ ಕರೆಯಲ್ಲಿ ಕೂಸು ತೂಕ ಎಷ್ಟು, ಎಷ್ಟು ಹೊತ್ತು ಮಲಗಿತು ಅನ್ನುವುದೆಲ್ಲ ಮುಗಿದ ಮೇಲೆ ಅಮ್ಮನದು ಒಂದು ಪ್ರಶ್ನೆ ಖಾಯಂ: "ಬಾಣಂತಿಯರು ಬಂದ್ರಾ?"

ಮೇ ಮಧ್ಯದ ಒಂದು ಶನಿವಾರ ಮತ್ತೆ ಯಕೀನಾ ಹೆಡ್‌ಗೆ ಹೋದೆವು. ಬಿಸಿಲಿತ್ತು. ಒಂದೂವರೆ ಗಂಟೆ ಕಾದ ಮೇಲೆ, ಬಂಡೆಗಳಿಗೆ ತೀರಾ ಹತ್ತಿರ, ಒಂದು ದೊಡ್ಡ ಹಬೆ, ಅದರ ಪಕ್ಕದಲ್ಲೇ ಒಂದು ಚಿಕ್ಕದು. ಚಿಕ್ಕದು ತಾಳ ತಪ್ಪಿದ ಹಾಗೆ, ದೊಡ್ಡದು ಒಂದು ಸಲ ಉಸಿರಾಡಿದರೆ ಇದು ಎರಡು ಸಲ. ಇಬ್ಬರೂ ಅವಸರವಿಲ್ಲದೆ ಬಲಕ್ಕೆ ಸಾಗುತ್ತಿದ್ದರು. ನಾನು ಫೋನು ತೆಗೆದು ಅಮ್ಮನಿಗೆ ವೀಡಿಯೋ ಕರೆ ಮಾಡಿದೆ. ಸಾಗರದಲ್ಲಿ ಆಗ ರಾತ್ರಿ ಹನ್ನೊಂದು ದಾಟಿತ್ತು. ಎರಡನೇ ರಿಂಗಿಗೇ ಎತ್ತಿದರು, ಹಿಂದೆ ಅಪ್ಪನ ಗೊರಕೆ. ಫೋನನ್ನು ಸಮುದ್ರದ ಕಡೆ ತಿರುಗಿಸಿ, ಅಲ್ಲಿ, ಬಂಡೆಯ ಎಡಗಡೆ, ಈಗ ಬರುತ್ತೆ ನೋಡು, ಅಂದೆ. ಸಿಗ್ನಲ್ ತಡೆದು ತಡೆದು ಬರುತ್ತಿತ್ತು.

"ಬರೀ ನೀರು ಕಾಣತ್ತೆ ಕಣೇ" ಅಂದರು ಅಮ್ಮ. "ಇರ್ಲಿ ಬಿಡು, ನೀನು ನೋಡಿದ್ಯಲ್ಲ. ಕೂಸನ್ನ ತೋರ್ಸು. ಟೋಪಿ ಎಲ್ಲಿ ಅದರದ್ದು?"